ಬೆರಳ ತುದಿಯ ಐಎನ್‌ಆರ್ ಪರೀಕ್ಷೆ: ಮಾಡಬೇಕಾದ್ದು, ಮಾಡಬಾರದ್ದು

ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರೋಮ್ ನುಂಗುತ್ತಿರುವವರಿಗೆ, ಅವರ ಮನೆಯವರಿಗೆ ಈ ಸೂಚನೆ. ವಾಲ್ವ್ ನಮ್ಮ ದೇಶದ ಟಿಟಿಕೆ ಚಿತ್ರಾ ಆಗಿರಲಿ, ಹೊರದೇಶದ್ದಾಗಿರಲಿ, ಮಾತ್ರೆ ಜೀವನಪರ್ಯಂತ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಹೆಬ್ಬಾಳಕ್ಕೆ ಬಂದವರು ರಿಪೋರ್ಟಿಗಾಗಿ ಸಂಜೆವರೆಗೆ ಕೂರುವುದನ್ನು, ಬೆರಳ ಹನಿಯಲ್ಲೇ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ನೋಡುವ ಪುಟ್ಟ ಯಂತ್ರ ತಪ್ಪಿಸುತ್ತದೆ. ಆದರೆ ಡೋಸ್ ನಿಂತಿರುವುದು ಒಂದೇ ಹನಿಯ ಮೇಲೆ.

ಮಾಡಬೇಕಾದ್ದು

ಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿ. ಸ್ವಲ್ಪ ಹೊತ್ತು ತೋಳು ಕೆಳಗೆ ಇಳಿಬಿಡಿ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ.

ಕೋಆಗುಚೆಕ್ ಎಕ್ಸ್‌ಎಸ್ ಯಂತ್ರವಾದರೆ ಮೊದಲ ಹನಿಯನ್ನೇ, ಚುಚ್ಚಿದ 15 ಸೆಕೆಂಡಿನೊಳಗೆ ಸ್ಟ್ರಿಪ್ಪಿಗೆ ಮುಟ್ಟಿಸಿ. ಶುಗರ್ ನೋಡುವಾಗ ಮೊದಲ ಹನಿ ಒರೆಸಿಹಾಕುವ ರೂಢಿ ಇದ್ದವರು ಇಲ್ಲೇ ಎಡವುತ್ತಾರೆ. ತಡಮಾಡಿದರೆ ರಕ್ತ ಬೆರಳ ಮೇಲೆಯೇ ಹೆಪ್ಪುಗಟ್ಟಲು ಶುರುವಾಗಿರುತ್ತದೆ, ರೀಡಿಂಗ್ ಕೆಡುತ್ತದೆ. ಬೇಕಾದದ್ದು 8 ಮೈಕ್ರೋಲೀಟರ್, ಅಂದರೆ ಒಂದು ಸಣ್ಣ ಹನಿ. ಅಂಚಿಗೆ ತಾಗಿದ ಕೂಡಲೇ ಕೂದಲೆಳೆಯಂಥ ಕಾಲುವೆ ಅದನ್ನು ತಾನಾಗಿ ಎಳೆದುಕೊಳ್ಳುತ್ತದೆ. ಕೆಂಪು ಗೆರೆ ಒಳಗೆ ಓಡುವುದು ಕಣ್ಣಿಗೇ ಕಾಣುತ್ತದೆ. ಒಳಗೆ ಒಣಗಿಸಿಟ್ಟ ರಾಸಾಯನಿಕ ಹೆಪ್ಪುಗಟ್ಟುವ ಕ್ರಿಯೆ ಶುರುಮಾಡುತ್ತದೆ, ಯಂತ್ರ ಅದರ ಸಮಯ ಅಳೆಯುತ್ತದೆ. ಸುಮಾರು ಒಂದು ನಿಮಿಷಕ್ಕೆ ಐಎನ್‌ಆರ್ ಸಿಗುತ್ತದೆ.

ತಾರೀಖು, ಐಎನ್‌ಆರ್, ಡೋಸ್ ಮೂರನ್ನೂ ಪುಸ್ತಕದಲ್ಲಿ ಬರೆಯಿರಿ. ಹಲ್ಲಿನ ಡಾಕ್ಟರಿಗೂ ಅದನ್ನೇ ತೋರಿಸಿ. 4.5 ದಾಟಿದರೆ ತೋಳಿನ ರಕ್ತನಾಳದಿಂದ ರಕ್ತ ಕೊಟ್ಟು ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಿ.

ಮಾಡಬಾರದ್ದು

ಬೆರಳು ಹಿಂಡಬಾರದು. ಹನಿ ಸಾಲದಾದರೆ ಮೇಲೆ ಇನ್ನೊಂದು ಸೇರಿಸಬಾರದು. ಹೊಸ ಸ್ಟ್ರಿಪ್ ತೆಗೆದು ಬೇರೆ ಬೆರಳಿಗೆ ಚುಚ್ಚಿ. ಸ್ಟ್ರಿಪ್ ಡಬ್ಬಿಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ: ಅದು 30 ಡಿಗ್ರಿಯವರೆಗೆ ಮಾತ್ರ ತಡೆಯುತ್ತದೆ, ಏಪ್ರಿಲ್ ಬಿಸಿಲಲ್ಲಿ ಬಳ್ಳಾರಿ ರಸ್ತೆ ಬದಿ ನಿಂತ ಗಾಡಿಯೊಳಗಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು.

ರೀಡಿಂಗ್ ನೋಡಿ ನೀವೇ ಡೋಸ್ ಬದಲಿಸಬಾರದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ನೀವೇ ಡೈಕ್ಲೋಫೆನಾಕ್ ತರಬೇಡಿ. ಬಸ್ಸಾರು, ಮಸ್ಸೊಪ್ಪು ಬಿಡಬೇಕಾಗಿಲ್ಲ. ದಿನವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಒಂದು ವಾರ ಸೊಪ್ಪೇ ಸೊಪ್ಪು, ಮುಂದಿನ ವಾರ ಏನೂ ಇಲ್ಲ ಎಂದಾದರೆ ಐಎನ್‌ಆರ್ ಏರಿಳಿಯುತ್ತದೆ. ಪರೀಕ್ಷೆ ಬೇಸರವೆಂದು ಡಾಬಿಗಟ್ರಾನ್‌ನಂಥ ಹೊಸ ಮಾತ್ರೆಗೆ ಹೋಗಲೇಬಾರದು. ಲೋಹದ ವಾಲ್ವಿಗೆ ಅದು ಅಪಾಯ. ಮಗು ಬೇಕೆಂದುಕೊಂಡಿರುವ ಹೆಣ್ಣುಮಕ್ಕಳು ಮೊದಲೇ ಬಂದು ಹೇಳಿ, ಸಂಕೋಚ ಬೇಡ.

ತಲೆಗೆ ಪೆಟ್ಟು, ಕಪ್ಪು ಮಲ, ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಇದ್ದಕ್ಕಿದ್ದಂತೆ ಉಬ್ಬಸ, ರಾತ್ರಿ ಮಲಗಿದಾಗ ಕೇಳುತ್ತಿದ್ದ ವಾಲ್ವಿನ ಟಿಕ್ ಟಿಕ್ ಸದ್ದು ಮಂಕಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಯಂತ್ರ ಹುಡುಕುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಪುಸ್ತಕ ಕೈಯಲ್ಲಿ ಹಿಡಿದು ಹೊರಡಿ.