ಬೇತಾಳನನ್ನು ಮತ್ತೆ ಹೆಗಲಿಗೇರಿಸುವವರಿಗೆ

ಚಿಂಚೋಳಿ ಎಂಐಡಿಸಿಯಲ್ಲಿ ಊಟದ ಬಿಡುವಿಗೆ ಕೂತ, ಐವತ್ತು ದಾಟಿದ ಮೂವರ ಮುಂದೆ ‘ಬೇತಾಳ’ ಎಂದು ಅಂದು ನೋಡಿ. ಅಕ್ಕಲಕೋಟೆ ಕಡೆಯಿಂದ ಬಂದು ಕನ್ನಡ ಶಾಲೆ ಕಲಿತವರು ‘ಚಂದಮಾಮ’ ಮಾಸಪತ್ರಿಕೆಯ ಮಾತು ತೆಗೆಯುತ್ತಾರೆ. ಮೊಹೋಳದವರು ಅದರ ಮರಾಠಿ ರೂಪವಾದ ‘ಚಾಂದೋಬಾ’ ಅನ್ನುತ್ತಾರೆ. ಸೊಲ್ಲಾಪುರದ ಪೂರ್ವಭಾಗದ ಪದ್ಮಶಾಲಿ ನೇಕಾರರ ಮನೆಯವರಾದರೆ ಅದನ್ನೇ ತೆಲುಗಿನಲ್ಲಿ ಓದಿರುತ್ತಾರೆ. ಮೂವರ ಕಣ್ಣಿಗೂ ಕಟ್ಟುವುದು ಒಂದೇ ಚಿತ್ರ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನದ ಕತ್ತಲೆ, ನಡೆಯುತ್ತಿರುವ ರಾಜ. (ಬೆಂಗಳೂರು, ಮೈಸೂರು ಕಡೆಯವರಿಗೆ ಒಂದು ಸೂಚನೆ: ಇದು ಕಲಬುರಗಿ ಜಿಲ್ಲೆಯ ಚಿಂಚೋಳಿ ಅಲ್ಲ. ಸೊಲ್ಲಾಪುರದಿಂದ ಪುಣೆ ಹೆದ್ದಾರಿ ಹಿಡಿದರೆ ಸಿಗುವ, ಮೊಹೋಳ ತಾಲ್ಲೂಕಿನ ಕೈಗಾರಿಕಾ ಪ್ರದೇಶ.)

ಚಿಕ್ಕಂದಿನಲ್ಲಿ ಓದಿ ಬಿಟ್ಟ ಆ ಕಥಾಮಾಲೆಯನ್ನು ಈಗ ಮತ್ತೆ ಹಿಡಿಯಬೇಕು ಅನ್ನುವವರಿಗಾಗಿ, ಹಾಗೆಯೇ ಮನೆಯಲ್ಲಿ ಅಪ್ಪನೋ ಅವ್ವನೋ ಹೇಳುವುದನ್ನು ಮಾತ್ರ ಕೇಳಿದ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಸರ ಬೇಡ. ಮೊದಲು ಪತ್ರಿಕೆ ಹುಟ್ಟಿದ ಬಗೆ ನೋಡೋಣ.

ಚಂದಮಾಮ ಮದ್ರಾಸಿನಲ್ಲಿ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹೊರಟಿತು. ಸ್ವಾತಂತ್ರ್ಯಕ್ಕೆ ಆಗ ಇನ್ನೊಂದು ತಿಂಗಳು ಬಾಕಿ. ಹೊರಡಿಸಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ‘ಮಾಯಾಬಜಾರ್’ ಸಿನಿಮಾ ತೆಗೆದ ಜೋಡಿಯೂ ಇದೇ. ಕನ್ನಡಕ್ಕೆ 1949ರಲ್ಲಿ ಬಂತು, ಮರಾಠಿಗೆ 1952ರಲ್ಲಿ. ಕಥೆಗಳು ಬಹುಪಾಲು ಮೊದಲು ತೆಲುಗಿನಲ್ಲಿ ಸಿದ್ಧವಾಗಿ ಆಮೇಲೆ ಉಳಿದ ಭಾಷೆಗಳಿಗೆ ಹೋಗುತ್ತಿದ್ದವು. ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಆ ಕೆಲಸದಲ್ಲಿದ್ದರು. ಅಕ್ಕಲಕೋಟೆಯ ಹುಡುಗ ಅಪ್ಪಟ ಕನ್ನಡ ಕಥೆ ಎಂದು ಓದಿದ್ದರ ಹಿಂದೆ ಆ ತೆಲುಗು ಕೈ ಇತ್ತು. ಚಿತ್ರಗಳಲ್ಲಿ ಮಾತ್ರ ನಮ್ಮ ಕಡೆಯ ಪಾಲೂ ಇದೆ. ಮೈಸೂರು ಸೀಮೆಯ ಎಂ.ಟಿ.ವಿ. ಆಚಾರ್ಯರು ಬಿಡಿಸಿದ ಮಹಾಭಾರತದ ಮುಖಪುಟಗಳನ್ನು ಹಳಬರು ಇನ್ನೂ ಮರೆತಿಲ್ಲ. ಬೇತಾಳದ ಆ ಪ್ರಸಿದ್ಧ ಚಿತ್ರ ತಮಿಳುನಾಡಿನ ಕೆ.ಸಿ. ಶಿವಶಂಕರ್ ಅವರದು. ‘ಶಂಕರ್’ ಎಂದು ಸಹಿ ಹಾಕುತ್ತಿದ್ದ ಅವರು 2020ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಅದರ ಮರುವರ್ಷ. ಇಂಥ ಗೌರವ ಬದುಕಿದ್ದಾಗಲೇ ಬಂದರೆ ಏನು ಹೋಗುತ್ತಿತ್ತೋ.

ಇನ್ನು ಕಥೆಗೆ ಬರೋಣ. ರಾಜ ಮರದಿಂದ ಹೆಣ ಇಳಿಸಿ, ಬಾಯಿ ಬಿಡದೆ ಹೊತ್ತು ನಡೆಯಬೇಕು. ಹೆಣದೊಳಗಿನ ಬೇತಾಳ ದಾರಿ ಸವೆಯಲೆಂದು ಕಥೆ ಹೇಳಿ ಕೊನೆಗೊಂದು ಪ್ರಶ್ನೆ ಹಾಕುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಒಡೆದು ಚೂರಾಗುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಹೆಣ ಮತ್ತೆ ಮರಕ್ಕೆ. ಚಿಕ್ಕವರಿದ್ದಾಗ ಈ ಚೌಕಟ್ಟನ್ನು ನಾವು ದಾಟಿ ಓಡುತ್ತಿದ್ದೆವು. ಪ್ರತಿ ತಿಂಗಳೂ ಹೆಚ್ಚುಕಡಿಮೆ ಅದೇ ಪೀಠಿಕೆ, ಅದನ್ನೇನು ಓದುವುದು! ಈಗ ಅಲ್ಲೇ ನಿಲ್ಲಿ. ಬುದ್ಧಿವಂತನಾದದ್ದಕ್ಕೆ ಈ ರಾಜನಿಗೆ ಸಿಗುವುದು ಬಹುಮಾನವಲ್ಲ, ಅದೇ ಕೆಲಸ ಮೊದಲಿನಿಂದ. ರಾತ್ರಿಪಾಳಿ ಮಾಡಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂಲದಲ್ಲಿ ಇವು ಇಪ್ಪತ್ತೈದೇ ಕಥೆ: ಬೇತಾಳ ಪಂಚವಿಂಶತಿ. ಚಂದಮಾಮದಲ್ಲಿ ಅವು ಮುಗಿದ ಮೇಲೂ ಅದೇ ಅಚ್ಚಿನಲ್ಲಿ ಹೊಸ ಹೊಸ ಕಥೆ ಹೊಸೆದು ದಶಕಗಟ್ಟಲೆ ನಡೆಸಿದರು. ಹಾಗಾಗಿ ನಿಮಗೆ ನೆನಪಿರುವ ಬೇತಾಳನ ಕಥೆ ಮೂಲದಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಮೂಲವನ್ನು ನಮಗೆ ಉಳಿಸಿಕೊಟ್ಟವರಲ್ಲಿ ಒಬ್ಬ, 11ನೆಯ ಶತಮಾನದ ಕಾಶ್ಮೀರದ ಸೋಮದೇವ. ಅವನ ಕಥಾಸರಿತ್ಸಾಗರದಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ, ಊರು ಗೋದಾವರಿ ದಂಡೆಯ ಪ್ರತಿಷ್ಠಾನ. ಅಂದರೆ ಇಂದಿನ ಪೈಠಣ. ಉಜ್ಜಯಿನಿಯ ವಿಕ್ರಮನೆಂದು ನಾವು ನಂಬಿಕೊಂಡವನು ಸೋಮದೇವನ ಲೆಕ್ಕದಲ್ಲಿ ಮಹಾರಾಷ್ಟ್ರದವನೇ.

ಹಾಗಾದರೆ ದೊಡ್ಡವರಾಗಿ ಓದುವುದು ಹೇಗೆ? ಒಂದು ಕಥೆ ಹಿಡಿದು ಮಾಡಿ ತೋರಿಸುತ್ತೇನೆ. ಮಂದಾರವತಿ ಎಂಬ ಹುಡುಗಿಗೆ ಮೂವರು ವರರು. ಯಾರಿಗೂ ಮದುವೆ ಮಾಡಿಕೊಡುವ ಮೊದಲೇ ಆಕೆ ಜ್ವರ ಬಂದು ಸಾಯುತ್ತಾಳೆ. ಒಬ್ಬ ಅವಳ ಚಿತಾಭಸ್ಮದ ಮೇಲೇ ಮಲಗಿ ಸ್ಮಶಾನದಲ್ಲಿ ಉಳಿಯುತ್ತಾನೆ. ಇನ್ನೊಬ್ಬ ಅಸ್ಥಿ ಹೊತ್ತು ಗಂಗೆಗೆ ಹೋಗುತ್ತಾನೆ. ಮೂರನೆಯವ ದೇಶ ಸುತ್ತಿ ಸತ್ತವರನ್ನು ಬದುಕಿಸುವ ಮಂತ್ರ ಕಲಿತು ಬಂದು ಅವಳನ್ನು ಎಬ್ಬಿಸುತ್ತಾನೆ. ಅವಳು ಯಾರ ಹೆಂಡತಿ?

ಪುಟ ತಿರುವಬೇಡಿ. ನಿಮ್ಮ ಉತ್ತರವನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಕ್ಕಳಿಗೆ ಕೇಳಿದರೆ ಸಾಮಾನ್ಯವಾಗಿ ಮಂತ್ರ ಕಲಿತವನ ಕಡೆಗೇ ಕೈ ಹೋಗುತ್ತದೆ, ಜೀವ ಕೊಟ್ಟವನಲ್ಲವೇ. ರಾಜ ಹೇಳುವುದೇ ಬೇರೆ. ಜೀವ ಕೊಟ್ಟವನು ತಂದೆಗೆ ಸಮ, ಅಸ್ಥಿ ಹೊತ್ತವನು ಮಗನಿಗೆ ಸಮ, ಬೂದಿಯನ್ನು ತಬ್ಬಿ ಮಲಗಿದವನೇ ಗಂಡ. ಜಾಣ ಉತ್ತರ, ಒಪ್ಪುತ್ತೇನೆ. ಹತ್ತು ವರ್ಷದವರಿದ್ದಾಗ ಇದಕ್ಕೆ ತಲೆದೂಗಿ ಮುಂದಿನ ಪುಟಕ್ಕೆ ಹೋಗಿದ್ದೆವು. ಈಗ ಇನ್ನೊಂದು ಹೆಜ್ಜೆ ಇಡಿ: ಈ ಉತ್ತರ ಯಾವ ಕಾನೂನಿನ ಮೇಲೆ ನಿಂತಿದೆ? ಪ್ರತಿಯೊಬ್ಬನ ಕೆಲಸವನ್ನು ಒಂದು ನಂಟಿಗೆ ಹೊಂದಿಸಿ, ಹೊಂದದವರನ್ನು ಕಳೆದು ಉಳಿದವನಿಗೆ ಹೆಣ್ಣನ್ನು ಒಪ್ಪಿಸುವ ಕಾನೂನು ಅದು. ಅಷ್ಟೆಲ್ಲ ಲೆಕ್ಕ ನಡೆಯುವಾಗ ಮಂದಾರವತಿ ಎದ್ದು ಕೂತಿದ್ದಾಳೆ, ಪಕ್ಕದಲ್ಲೇ ಇದ್ದಾಳೆ. ಬೇತಾಳವೂ ಅವಳನ್ನು ಕೇಳಲಿಲ್ಲ, ರಾಜನೂ ಕೇಳಲಿಲ್ಲ, ಓದಿದ ನಾವೂ ಕೇಳಲಿಲ್ಲ. ಹಾಗೆಂದು ಸೋಮದೇವನನ್ನು ಕಟಕಟೆಗೆ ನಿಲ್ಲಿಸಿ ಬೈದರೆ ಓದು ಅಲ್ಲಿಗೇ ಕೆಟ್ಟಿತು. ಆ ಕಾಲಕ್ಕೆ ಸಹಜವಾಗಿ ಕಂಡದ್ದೇನು, ನಮಗೆ ಈಗ ಚುಚ್ಚುವುದೇನು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ರಾಕ್ಷಸರ ಮೈಬಣ್ಣ, ಬಡ ಬ್ರಾಹ್ಮಣ, ಜಿಪುಣ ವರ್ತಕ, ಬಾಯಿಬಡುಕಿ ಸೊಸೆ ಇಂಥ ಸಿದ್ಧ ಪಾತ್ರಗಳಿಗೂ ಇದೇ ಮಾತು.

ಇನ್ನೊಂದು ಕಥೆ ಕನ್ನಡಿಗರಿಗೆ ಹತ್ತಿರದ್ದು. ಅಗಸರ ಧವಲ ಗೌರಿಯ ಗುಡಿಯಲ್ಲಿ ತನ್ನ ತಲೆ ಕಡಿದುಕೊಳ್ಳುತ್ತಾನೆ, ಅದನ್ನು ಕಂಡು ಅವನ ಹೆಂಡತಿ ಮದನಸುಂದರಿಯ ಅಣ್ಣನೂ ಕಡಿದುಕೊಳ್ಳುತ್ತಾನೆ. ದೇವಿ ಒಲಿದು, ತಲೆಗಳನ್ನು ಮುಂಡಕ್ಕೆ ಜೋಡಿಸು ಅಂದಾಗ ಮದನಸುಂದರಿ ಗಡಿಬಿಡಿಯಲ್ಲಿ ಅದಲುಬದಲು ಮಾಡಿಬಿಡುತ್ತಾಳೆ. ಗಂಡ ಯಾರು? ಅಂಗಗಳಲ್ಲಿ ತಲೆಯೇ ದೊಡ್ಡದು, ಗಂಡನ ತಲೆ ಇದ್ದವನೇ ಗಂಡ ಎಂದು ರಾಜ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಜರ್ಮನಿಯ ಥಾಮಸ್ ಮಾನ್‌ಗೆ ಈ ಉತ್ತರ ಸಾಲಲಿಲ್ಲ. ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದು 1940ರಲ್ಲಿ ಕಿರುಕಾದಂಬರಿ ಬರೆದ. ಅದನ್ನು ಹಿಡಿದು ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ ನಾಟಕ ಬರೆದರು. ತಲೆ ಬದಲಾದ ಮೇಲೆ ದೇಹ ಸುಮ್ಮನಿರುತ್ತದೆಯೇ, ದೇಹಕ್ಕೂ ನೆನಪಿಲ್ಲವೇ ಎಂದು ಅಲ್ಲಿ ನಾಯಕಿ ಪದ್ಮಿನಿಯ ಬದುಕಿನಲ್ಲಿ ಕೇಳಿದ್ದಾರೆ. ರಾಜನ ಉತ್ತರದಿಂದ ಮುಗಿಯದ ಪ್ರಶ್ನೆಯನ್ನು ಮುಂದಕ್ಕೆ ಒಯ್ದ ಇಬ್ಬರು ವಯಸ್ಕ ಓದುಗರು ಇವರು. ಬೇತಾಳದಿಂದ ಹಯವದನಕ್ಕೆ ಹೋಗುವುದು ಹೊಸ ಓದುಗರಿಗೆ ನಾನು ಹೇಳುವ ಅತಿ ಸುಲಭದ ದಾರಿ. ನಾಟಕ ಓದಲು ಬಾರದು ಅನ್ನುವವರೂ ಕಥೆ ಗೊತ್ತಿದ್ದರೆ ಓದುತ್ತಾರೆ.

ಚಂದಮಾಮದವರು ನಮ್ಮಿಂದ ಒಂದು ಸಂಗತಿ ಮುಚ್ಚಿಟ್ಟರು ಎನ್ನಬಹುದು, ಅದೂ ವ್ಯಾಪಾರದ ನ್ಯಾಯವೇ. ತಿಂಗಳು ತಿಂಗಳು ಕಥೆ ಬರಬೇಕಾದರೆ ರಾಜ ಪ್ರತಿ ತಿಂಗಳೂ ಬಾಯಿ ಬಿಡಲೇಬೇಕು. ಮೂಲದಲ್ಲಿ ಅವನು ಒಮ್ಮೆ ಸುಮ್ಮನಾಗುತ್ತಾನೆ. ತಂದೆ ಮಗ ಇಬ್ಬರು ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತು ಕಾಣುತ್ತಾರೆ. ದೊಡ್ಡ ಪಾದದವಳು ತಂದೆಗೆ, ಚಿಕ್ಕ ಪಾದದವಳು ಮಗನಿಗೆ ಎಂದು ಮಾತಾಗುತ್ತದೆ. ಹತ್ತಿರ ಹೋದರೆ ದೊಡ್ಡ ಪಾದ ಮಗಳದು, ಚಿಕ್ಕ ಪಾದ ತಾಯಿಯದು! ಕೊಟ್ಟ ಮಾತಿನಂತೆ ಮದುವೆಯಾಗುತ್ತಾರೆ. ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ಹೊಳೆಯುವುದಿಲ್ಲ, ಗೊತ್ತಿಲ್ಲದ್ದಕ್ಕೆ ಸುಮ್ಮನಿದ್ದರೆ ಶಾಪವೂ ಇಲ್ಲ. ಅಷ್ಟು ಉತ್ತರಗಳಿಂದ ಆಗದ ಕೆಲಸ ಈ ಒಂದು ಮೌನದಿಂದ ಆಗುತ್ತದೆ. ಬೇತಾಳ ಮೆಚ್ಚಿ, ಹೆಣ ತರಲು ಕಳಿಸಿದ ಸನ್ಯಾಸಿ ನಿನ್ನನ್ನೇ ಬಲಿ ಕೊಡಲಿದ್ದಾನೆ ಎಂಬ ಗುಟ್ಟು ಹೇಳುತ್ತದೆ. ಆ ಸನ್ಯಾಸಿ ಹತ್ತು ವರ್ಷ ದಿನವೂ ರಾಜನಿಗೆ ಒಂದು ಹಣ್ಣು ತಂದು ಕೊಟ್ಟಿದ್ದ. ಒಂದು ದಿನ ಕೋತಿ ಕಚ್ಚಿದಾಗ ಒಳಗಿಂದ ರತ್ನ ಉರುಳಿತ್ತು. ಇಷ್ಟು ತಾಳ್ಮೆಯಿಂದ ಬಲೆ ನೇಯುವ ಖಳನಾಯಕ ಚಿಕ್ಕಂದಿನಲ್ಲಿ ನಮ್ಮ ಕಣ್ಣಿಗೇ ಬೀಳಲಿಲ್ಲ, ಏಕೆಂದರೆ ನಮ್ಮ ರಾಜ ಸ್ಮಶಾನ ದಾಟಲೇ ಇಲ್ಲ.

ಈಗ ಪತ್ರಿಕೆ ನಿಂತುಹೋಗಿದೆ. ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹಳೆಯ ಮನೆಗಳ ಅಟ್ಟದ ಮೇಲೆ, ವರ್ಷದ ಸಂಚಿಕೆಗಳನ್ನು ಕೂಡಿಸಿ ಹೊಲಿಸಿಟ್ಟ ಕಟ್ಟುಗಳೂ ಇರಬಹುದು. ಎಲ್ಲವನ್ನೂ ಕೂಡಿಹಾಕಲು ಹೋಗಬೇಡಿ. ಒಂದು ಸಂಚಿಕೆ ಸಾಕು, ಬಿಡುವಿಗೊಂದು ಕಥೆ.

ಚಿಂಚೋಳಿಯಲ್ಲಿ ಕೆಲಸಕ್ಕೆ ಸೇರಿ ಮರಾಠಿ ಇನ್ನೂ ನಾಲಿಗೆಗೆ ಹತ್ತದ ಅಫಜಲಪುರ, ಇಂಡಿ ಕಡೆಯ ಹುಡುಗರಿಗೆ ಇದರಲ್ಲಿ ಒಂದು ಹೆಚ್ಚಿನ ಲಾಭ ಇದೆ. ಯಾವುದಾದರೂ ಬೇತಾಳನ ಕಥೆಯನ್ನು ಕನ್ನಡದಲ್ಲಿ ಓದಿಕೊಂಡು, ಅದೇ ಚಿತ್ರವಿರುವ ‘ಚಾಂದೋಬಾ’ದ ಪುಟವನ್ನು ಪಕ್ಕಕ್ಕಿಟ್ಟುಕೊಳ್ಳಿ. ಕಥೆ ಮೊದಲೇ ಗೊತ್ತಿರುವುದರಿಂದ ನಿಘಂಟು ಬೇಕಾಗುವುದು ಅಪರೂಪ. ತೊಡಕಾದಲ್ಲಿ ಪಕ್ಕದ ಯಂತ್ರದ ಮೊಹೋಳದವರನ್ನು ಕೇಳಿ. ಅವರು ಮಾತಿನ ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ರಾಜ ಹೇಳಿದ್ದು ತಪ್ಪು ಎಂದು ವಾದಕ್ಕೂ ಇಳಿಯುತ್ತಾರೆ. ಚೀಟಿಯಲ್ಲಿ ಬರೆದಿಟ್ಟ ನಿಮ್ಮ ಉತ್ತರವನ್ನು ಆಗ ಹೊರಗೆ ತೆಗೆಯಿರಿ.