ಮೊದಲು ತಾರಸಿ, ಆಮೇಲೆ ಬಣ್ಣ

ಪ್ರಶ್ನೆ: ಮೈಸೂರಿನಲ್ಲಿ 30x40 ಸೈಟಿನ ಮನೆ ನಮ್ಮದು. 1997ರಲ್ಲಿ ಕಟ್ಟಿಸಿದ್ದು. ನಮ್ಮ ಯಜಮಾನರು ಆಗ ಕೆಲಸಕ್ಕೆ ರಜೆ ಹಾಕಿ, ಬಿಸಿಲಲ್ಲಿ ನಿಂತು, ಸಿಮೆಂಟ್ ಮೂಟೆ ಎಣಿಸಿ ಕಟ್ಟಿಸಿದರು. ಹೋದ ವರ್ಷ ನಿವೃತ್ತರಾದರು. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಿದೆ. ಮಾಘ ಮಾಸದಲ್ಲಿ ನಿಶ್ಚಿತಾರ್ಥ, ಅದೂ ನಮ್ಮ ಮನೆಯಲ್ಲೇ. ಆದರೆ ಹಾಲ್‌ನ ಸೂರಿನಲ್ಲಿ ದೊಡ್ಡ ಹಳದಿ ಕಲೆಯಿದೆ. ಬಾತ್‌ರೂಮಿಗೆ ತಗುಲಿದ ಬೆಡ್‌ರೂಮ್ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದು ಉದುರುತ್ತಿದೆ. ಅಡುಗೆಮನೆ ಕಿಟಕಿಯ ಸಜ್ಜದಿಂದ ಕಾಂಕ್ರೀಟ್ ಚೂರು ಬಿದ್ದು ಕಂಬಿ ಕಾಣುತ್ತಿದೆ. ಗುತ್ತಿಗೆದಾರರೊಬ್ಬರು ಬಂದು, ಹಾಲ್‌ಗೆ ಪಿಒಪಿ ಸೀಲಿಂಗ್ ಹಾಕಿದರೆ ಕಲೆ ಕಾಣುವುದೇ ಇಲ್ಲ, ಹಳೆಯ ಮೊಸಾಯಿಕ್ ಮೇಲೆ ವಿಟ್ರಿಫೈಡ್ ಟೈಲ್ಸ್, ಅಡುಗೆಮನೆಗೆ ಮಾಡ್ಯುಲರ್, ಇಡೀ ಮನೆಗೆ ಬಣ್ಣ, ಎಲ್ಲ ಸೇರಿ ಐದು ಮುಕ್ಕಾಲು ಲಕ್ಷ ಎಂದರು. ಕೈಯಲ್ಲಿರುವುದು ಎರಡೂವರೆ ಲಕ್ಷ. ಉಳಿದದ್ದಕ್ಕೆ ಚೀಟಿ ಎತ್ತುವುದೋ, ನನ್ನ ಬಳೆ ಅಡವಿಡುವುದೋ ಎಂಬ ಮಾತು ನಡೆದಿದೆ. ಸೋರುವುದನ್ನು ಮೊದಲು ನೋಡೋಣ ಎಂದರೆ "ನಾನು ಕಟ್ಟಿಸಿದ್ದು ನಿನಗೆ ಯಾವತ್ತೂ ಸರಿಯಿಲ್ಲ" ಎಂದು ರೇಗುತ್ತಾರೆ. ಮೂರು ದಿನದಿಂದ ಮಾತಿಲ್ಲ. ಏನು ಮಾಡಲಿ?

— ಒಬ್ಬ ಓದುಗರು, ಮೈಸೂರು

ಉತ್ತರ: ಪಿಒಪಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಲೆ ಕಾಣುವುದಿಲ್ಲ ಎಂದು ಗುತ್ತಿಗೆದಾರರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಕಾಣದಿರುವುದೇ ತೊಂದರೆ. ಮೇಲೆ ಮೋಲ್ಡ್ ನೀರು ಕುಡಿಯುತ್ತಿರುತ್ತದೆ, ಒಳಗೆ ಕಂಬಿ ತುಕ್ಕು ಹಿಡಿಯುತ್ತಿರುತ್ತದೆ, ಕೆಳಗೆ ನೀವು ಬಿಳಿ ಸೀಲಿಂಗ್ ನೋಡಿಕೊಂಡು ನೆಮ್ಮದಿಯಾಗಿರುತ್ತೀರಿ. ಪಿಒಪಿ ನೀರು ಹೀರಿ ಜೋತುಬಿದ್ದ ದಿನ ಗೊತ್ತಾಗುತ್ತದೆ. ಅಷ್ಟರಲ್ಲಿ ಸೀಲಿಂಗಿನ ಲೈಟುಗಳಿಗೆ ಎಳೆದ ವೈರುಗಳೂ ಆ ತೇವದಲ್ಲೇ ಮಲಗಿರುತ್ತವೆ.

ನಿಮ್ಮ ಯಜಮಾನರ ಸಿಟ್ಟಿನ ವಿಷಯ. ನೀವು "ಸೋರುತ್ತಿದೆ" ಎಂದಾಗ ಅವರ ಕಿವಿಗೆ ಬೀಳುವುದು "ನೀವು ಸರಿಯಾಗಿ ಕಟ್ಟಿಸಲಿಲ್ಲ" ಎಂಬ ಮಾತು. ಈ ಪುಟವನ್ನು ಅವರ ಕೈಗೆ ಕೊಡುವಿರಾದರೆ ಇಲ್ಲಿಂದ ಓದಲಿ: ಸ್ವಾಮಿ, ಕಾಲು ಶತಮಾನ ದಾಟಿದ ಆರ್‌ಸಿಸಿ ತಾರಸಿ ಅಲ್ಲಲ್ಲಿ ನೀರು ಬಿಡುವುದು ಕಟ್ಟಿಸಿದವರ ತಪ್ಪಲ್ಲ. ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಪ್ಯಾರಾಪೆಟ್ ಗೋಡೆ ಮೋಲ್ಡನ್ನು ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಮೋಲ್ಡಿನ ಆಯಸ್ಸು ದೊಡ್ಡದು, ಅದರ ಮೇಲಿನ ಹೊದಿಕೆಯ ಆಯಸ್ಸು ಚಿಕ್ಕದು. ನಿಮ್ಮ ಮನೆಯಲ್ಲಿ ಪೈಪು ಯಾವ ಗೋಡೆಯೊಳಗೆ ಹೋಗಿದೆ, ಬೀಮ್ ಎಲ್ಲಿದೆ, ತಾರಸಿಗೆ ವಾಟ ಯಾವ ಕಡೆ ಕೊಡಿಸಿದಿರಿ ಎಂಬುದು ನಿಮಗೆ ಗೊತ್ತಿರುವಷ್ಟು ಯಾವ ಮೇಸ್ತ್ರಿಗೂ ಗೊತ್ತಿಲ್ಲ. ಆ ತಿಳಿವಳಿಕೆಗೆ ದುಡ್ಡು ಕೊಡಬೇಕಾಗಿಲ್ಲ. ದಯವಿಟ್ಟು ಒಂದು ಬೆಳಿಗ್ಗೆ ತಾರಸಿ ಹತ್ತಿ.

ಅಮ್ಮ, ನೀವೂ ಜೊತೆಗೆ ಹತ್ತಿ. ದೂರು ಹೇಳುವ ಬದಲು "ಈ ಪೈಪು ಎಲ್ಲಿಂದ ಬಂದಿದೆ?" ಎಂದು ಕೇಳಿ.

ಮೇಲೆ ಹೋದಾಗ ಮೊದಲು ನೋಡಬೇಕಾದದ್ದು ಮಳೆನೀರು ಇಳಿಯುವ ಪೈಪಿನ ಬಾಯಿ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಸಾವಿರ ಲೀಟರಿನ ಒಂದು ಟ್ಯಾಂಕ್ ಹೆಚ್ಚುಕಡಿಮೆ ತುಂಬಿತು ಎನ್ನಿ. ಅಷ್ಟೂ ನೀರು ನಾಲ್ಕು ಅಂಗುಲದ ಪೈಪುಗಳಲ್ಲಿ ಇಳಿಯಬೇಕು. ಅದರ ಬಾಯಿಗೆ ತರಗೆಲೆ, ಪ್ಲಾಸ್ಟಿಕ್ ಚೀಲ, ಒಣಹಾಕಿದ ಸಂಡಿಗೆಯಿಂದ ಹಾರಿದ ಹಾಳೆ ಕೂತಿದ್ದರೆ ನೀರು ದಿನಗಟ್ಟಲೆ ನಿಲ್ಲುತ್ತದೆ. ನಿಂತ ನೀರು ದಾರಿ ಹುಡುಕಿಕೊಳ್ಳುತ್ತದೆ. ಬಾಯಿ ಬಿಡಿಸಿ ಜಾಲರಿ ಹಾಕಲು ಖರ್ಚು ಏನೂ ಇಲ್ಲವೆಂದೇ ಲೆಕ್ಕ. ಎಷ್ಟೋ ಮನೆಗಳ ಸೋರಿಕೆ ಇಷ್ಟಕ್ಕೇ ಅರ್ಧ ನಿಂತುಹೋಗುತ್ತದೆ.

ಪ್ಯಾರಾಪೆಟ್ ಸಂದಿನಲ್ಲಿ ಅರಳಿ ಸಸಿ ಇದೆಯೇ ನೋಡಿ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇರದ ಮನೆ ಅಪರೂಪ. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ಒಳಗೆ ದಪ್ಪವಾಗುತ್ತಲೇ ಹೋಗುತ್ತದೆ. ಬೇರುಸಹಿತ ಬಿಡಿಸಿ, ಆ ಸಂದನ್ನು ಮುಚ್ಚಬೇಕು. ಅರಳಿಯನ್ನು ಕೀಳಲು ಮನಸ್ಸು ಒಪ್ಪದಿದ್ದರೆ ತೆಗೆದು ಯಾವುದಾದರೂ ಕಟ್ಟೆಯ ಬಳಿ ನೆಡಿ.

ಇನ್ನು ಹಾಲ್‌ನ ಕಲೆ. ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಈಗ ದೀಪಾವಳಿ ಕಳೆದು ಮಳೆ ನಿಂತಿದೆ. ಮಳೆಯಿಲ್ಲದ ದಿನಗಳಲ್ಲೂ ಕಲೆ ಗೆರೆ ದಾಟಿದರೆ ನೀರು ಆಕಾಶದ್ದಲ್ಲ, ನಿಮ್ಮ ಟ್ಯಾಂಕಿನದೋ ಅದರ ಪೈಪಿನದೋ. ಟ್ಯಾಂಕ್ ತುಂಬಿ ಹರಿಯುವುದನ್ನು ತಡೆಯುವ ಫ್ಲೋಟ್ ವಾಲ್ವ್ ಕೆಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಕಲೆ ಇದ್ದಲ್ಲೇ ಇದ್ದರೆ ತಾರಸಿಯನ್ನು ಭಾಗ ಭಾಗವಾಗಿ ಪರೀಕ್ಷೆ ಮಾಡಿ. ಮರಳು ತುಂಬಿದ ಗೋಣಿಯ ಕಟ್ಟೆ ಹಾಕಿ, ಒಂದು ಭಾಗದಲ್ಲಿ ಒಂದು ಅಂಗುಲ ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಕಾಯಿರಿ. ಮರುದಿನ ಇನ್ನೊಂದು ಭಾಗ. ಕಲೆ ಕಂಡ ಜಾಗದ ನೇರ ಮೇಲೆಯೇ ಬಿರುಕು ಇರುತ್ತದೆ ಎಂದು ತಿಳಿಯಬೇಡಿ. ಮೋಲ್ಡಿನೊಳಗೆ ನೀರು ಎಲ್ಲೋ ಇಳಿದು ಇನ್ನೆಲ್ಲೋ ತಲೆ ಹಾಕುತ್ತದೆ.

ಆದರೆ ಈ ಪರೀಕ್ಷೆಗೂ ಮೊದಲು ಒಂದು ಕೆಲಸವಿದೆ, ಅದನ್ನು ಮುಂದೂಡಬೇಡಿ. ಏಣಿ ಹತ್ತಿ, ಮರದ ಕೋಲಿನಿಂದ ಸೂರನ್ನೆಲ್ಲ ಮೆಲ್ಲಗೆ ತಟ್ಟಿಸಿ. ಗಟ್ಟಿ ಸದ್ದು ಬಂದರೆ ಸರಿ. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಅಲ್ಲಿ ಕಾಂಕ್ರೀಟ್ ಕಂಬಿಯನ್ನು ಬಿಟ್ಟಿದೆ ಎಂದರ್ಥ. ಅದು ಯಾವಾಗ ಬೇಕಾದರೂ ಬೀಳಬಹುದು. ಅಂಥ ಜಾಗದ ಕೆಳಗೆ ಮಂಚ, ಸೋಫಾ ಇಡಬೇಡಿ, ಅದರ ಮೇಲೆ ನೀರನ್ನೂ ನಿಲ್ಲಿಸಬೇಡಿ. ಕಟ್ಟಡದ ಬಲ ಪರೀಕ್ಷಿಸುವ ಸಿವಿಲ್ ಇಂಜಿನಿಯರ್ ಒಬ್ಬರನ್ನು ಶುಲ್ಕ ಕೊಟ್ಟು ಕರೆಸಿ. ಗುತ್ತಿಗೆದಾರರೇ ಪುಕ್ಕಟೆ ನೋಡಿ ಹೇಳುತ್ತಾರೆಂದು ಸುಮ್ಮನಿರಬೇಡಿ. ಅವರು ಹೇಳುವುದು ಅವರು ಮಾರುವುದನ್ನೇ.

ಸಜ್ಜದ ಕಂಬಿಯದೂ ಇದೇ ಕಥೆ. ಒಳ್ಳೆಯ ಕಾಂಕ್ರೀಟಿನೊಳಗೆ ಕಂಬಿ ತುಕ್ಕು ಹಿಡಿಯುವುದಿಲ್ಲ, ಸಿಮೆಂಟಿನ ಕ್ಷಾರ ಅದನ್ನು ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಆ ಕ್ಷಾರವನ್ನು ಕುಂದಿಸುತ್ತದೆ. ಜೊತೆಗೆ ನೀರು ಸೇರಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಇದರ ಮೇಲೆ ಗಾರೆ ಮೆತ್ತಿ ಬಣ್ಣ ಬಳಿದರೆ ಒಂದೆರಡು ವರ್ಷಕ್ಕೆ ಇನ್ನೂ ದೊಡ್ಡ ಚೂರು ಬೀಳುತ್ತದೆ. ಸಡಿಲವಾದದ್ದನ್ನೆಲ್ಲ ಕೆಡವಿ, ಕಂಬಿಯ ಹಿಂಭಾಗವೂ ಕಾಣುವಂತೆ ಬಿಡಿಸಿ, ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿ, ಕನಿಷ್ಠ ಒಂದು ವಾರ ನೀರು ಹಾಕಬೇಕು. ಉಜ್ಜಿದ ಮೇಲೆ ಕಂಬಿ ಸವೆದು ಸಣ್ಣಗಾಗಿದ್ದರೆ ಅದೂ ಇಂಜಿನಿಯರ್ ನೋಡಬೇಕಾದ ವಿಷಯ. ಸಿಮೆಂಟ್ ಕೊಳ್ಳುವಾಗ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ, ಓದಿ. ಮೂರು ತಿಂಗಳು ದಾಟಿದ್ದು ಬೇಡ.

ತಾರಸಿಯ ಕೆಲಸಕ್ಕೆ ನಿಮ್ಮ ದುಡ್ಡಿನ ದೊಡ್ಡ ಪಾಲು ಹೋಗಲಿ. ಪಾಚಿ ಕೆರೆಸಿ, ಬಿರುಕುಗಳನ್ನು ಅಗಲಿಸಿ ತುಂಬಿಸಿ, ಪ್ಯಾರಾಪೆಟ್ ಮೂಲೆಯನ್ನು ಗುಂಡಗೆ ಗಾರೆಯಿಂದ ಮೆತ್ತಿಸಿ, ಆಮೇಲೆ ಸಿಮೆಂಟ್–ಪಾಲಿಮರ್ ಲೇಪ ಎರಡು ಕೋಟು, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಲೇಪ ಪ್ಯಾರಾಪೆಟ್ ಗೋಡೆಯ ಮೇಲೂ ಒಂದು ಅಡಿ ಹತ್ತಬೇಕು. ಅಲ್ಲಿಗೆ ಹತ್ತದೆ ನೆಲದಲ್ಲೇ ನಿಲ್ಲಿಸಿದರೆ ಬಿರುಕು ಇರುವ ಜಾಗವನ್ನೇ ಬಿಟ್ಟಂತಾಯಿತು. ವಾಟ ಹತ್ತು ಅಡಿಗೆ ಒಂದೂಕಾಲು ಅಂಗುಲವಾದರೂ ಇರಲಿ. ವಾಟ ಸರಿಪಡಿಸುವ ನೆಪದಲ್ಲಿ ಅರ್ಧ ಅಡಿ ಗಾರೆ ಪೇರಿಸಲು ಬಿಡಬೇಡಿ, ಆ ಭಾರವನ್ನೆಲ್ಲ ಹೊರುವುದು ಹಳೆಯ ಮೋಲ್ಡ್. ಮೇಲೆ ಬಿಳಿ ಲೇಪ ಹಾಕಿಸಿದರೆ ಬೇಸಿಗೆಯಲ್ಲಿ ಕೆಳಗಿನ ಕೋಣೆಗಳ ಸೆಕೆಯೂ ಇಳಿಯುತ್ತದೆ.

ಸಮಯ ನಿಮ್ಮ ಕಡೆಗಿದೆ. ಧನುರ್ಮಾಸದಲ್ಲಿ ಶುಭಕಾರ್ಯ ಇಟ್ಟುಕೊಳ್ಳುವವರು ಕಡಿಮೆ, ಮನೆಗೆ ಬಂದುಹೋಗುವವರೂ ಕಡಿಮೆ, ಗಾಳಿ ಒಣದಾಗಿರುತ್ತದೆ. ರಿಪೇರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಬೆಡ್‌ರೂಮ್ ಗೋಡೆಯ ಗುಳ್ಳೆಗೆ ಕಾರಣ ಬಾತ್‌ರೂಮಿನ ನೆಲವಿರಬಹುದು, ಗೋಡೆಯೊಳಗಿನ ಪೈಪಿರಬಹುದು. ನೀರು ಹೋಗುವ ತೂತನ್ನು ಬಟ್ಟೆ ತುರುಕಿ ಮುಚ್ಚಿ, ನೆಲದಲ್ಲಿ ಒಂದು ಅಂಗುಲ ನೀರು ಒಂದು ದಿನ ನಿಲ್ಲಿಸಿ. ಮಟ್ಟ ಇಳಿದರೆ, ಗೋಡೆ ಇನ್ನಷ್ಟು ಒದ್ದೆಯಾದರೆ, ದೋಷ ನೆಲದಲ್ಲಿದೆ. ಆಗಲೂ ಟೈಲ್ಸ್ ಒಡೆಯಲು ಅವಸರ ಬೇಡ. ಸಂದುಗಳನ್ನು ಕೆರೆದು ಎಪಾಕ್ಸಿ ತುಂಬಿಸಿ, ತೂತಿನ ಸುತ್ತ ಸರಿಪಡಿಸಿ ನೋಡಿ. ನೆಲ ನಿರ್ದೋಷಿಯಾದರೆ ಪೈಪು. ಆ ಕಾಲದ ಜಿಐ ಪೈಪುಗಳು ಒಳಗಿನಿಂದ ತುಕ್ಕು ತಿಂದಿರುತ್ತವೆ. ಗೋಡೆ ಅಗೆಯದೆ ಹಳೆಯದನ್ನು ಮುಚ್ಚಿ, ಹೊಸ ಸಿಪಿವಿಸಿ ಪೈಪನ್ನು ಗೋಡೆಯ ಹೊರಮೈ ಮೇಲೆಯೇ ಎಳೆಸಬಹುದು. ನೋಡಲು ಅಷ್ಟು ಚೆಂದವಲ್ಲ, ಆದರೆ ಖರ್ಚು ಕಡಿಮೆ, ಮುಂದೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ನಾನಾದರೆ ಹೊರಗೇ ಎಳೆಸುತ್ತೇನೆ.

ನೀವು ಕೇಳದ ಒಂದು ವಿಷಯ: ಒದ್ದೆ ಗೋಡೆ, ಗೀಸರ್, ಹಳೆಯ ವೈರಿಂಗ್ ಮೂರೂ ಒಂದೇ ಕಡೆ ಸೇರಿವೆ. ಮೀಟರ್ ಬೋರ್ಡಿನಲ್ಲಿ ಇನ್ನೂ ಪಿಂಗಾಣಿ ಫ್ಯೂಸ್ ಇದ್ದರೆ ತೆಗೆಸಿ ಎಂಸಿಬಿ, ಅದರ ಜೊತೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ವಿದ್ಯುತ್ ಸೋರಿದರೆ ಕ್ಷಣದೊಳಗೆ ಕಡಿಯುವುದು ಆರ್‌ಸಿಸಿಬಿ. ಎಂಸಿಬಿ ಒಂದೇ ಇದ್ದರೆ ಜೀವ ಉಳಿಯುವ ಖಾತ್ರಿಯಿಲ್ಲ. ಬಣ್ಣಕ್ಕಿಂತ ಮೊದಲಿನ ಖರ್ಚು ಇದು.

ಈಗ ನಿಶ್ಚಿತಾರ್ಥದ ಮನೆ. ಮೊಸಾಯಿಕ್ ನೆಲದ ಮೇಲೆ ಟೈಲ್ಸ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನೆಲ ಎತ್ತರವಾಗಿ ಬಾಗಿಲುಗಳ ತಳ ಕೊಯ್ಯಬೇಕಾಗುತ್ತದೆ, ಹೊಸಿಲು ಗಿಡ್ಡವಾಗುತ್ತದೆ. ಅದೇ ಮೊಸಾಯಿಕ್‌ಗೆ ಮೆಷಿನ್ ಪಾಲಿಷ್ ಮಾಡಿಸಿ ನೋಡಿ. ಟೈಲ್ಸ್ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ, ಅದರ ಹೊಳಪಿಗೆ ನಿಮ್ಮ ಯಜಮಾನರ ಮುಖವೂ ಹೊಳೆಯುತ್ತದೆ. ಪಾಲಿಷ್ ಮಾಡುವಾಗ ಕೆಸರು ಗೋಡೆಗೆ ಸಿಡಿಯುತ್ತದೆ, ಆದ್ದರಿಂದ ಬಣ್ಣ ಅದಾದ ಮೇಲೆ. ಬಣ್ಣವೂ ಇಡೀ ಮನೆಗೆ ಬೇಡ: ಹಾಲ್, ದೇವರ ಮನೆ, ವರಾಂಡ, ಗೇಟು ಸಾಕು. ಸೂರಿನ ಕಲೆಗೆ ನೇರವಾಗಿ ಎಮಲ್ಷನ್ ಬಳಿದರೆ ಹಳದಿ ಮತ್ತೆ ಮೇಲೆ ಬರುತ್ತದೆ. ಮೊದಲು ಎಣ್ಣೆ ಆಧಾರಿತ ಪ್ರೈಮರ್ ಹಾಕಿಸಿ. ಬೆಡ್‌ರೂಮಿನ ಗೋಡೆಗೆ ಈಗ ಪುಟ್ಟಿ ಹಚ್ಚಬೇಡಿ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನದ ನಂತರ ತೆಗೆಯಿರಿ. ಗೋಡೆಯ ಕಡೆ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಅಷ್ಟರಲ್ಲಿ ನಿಶ್ಚಿತಾರ್ಥ ಬಂದರೆ ಆ ಕೋಣೆಯ ಬಾಗಿಲು ಮುಚ್ಚಿಡಿ. ಬೀಗರಿಗೆ ಹಾಲ್‌ನಲ್ಲಿ ಚಾಪೆ, ಚೆನ್ನಾದ ಊಟ, ನಿಮ್ಮಿಬ್ಬರ ನಗುಮುಖ ಸಿಕ್ಕರೆ ಬೆಡ್‌ರೂಮ್ ಯಾರೂ ಕೇಳುವುದಿಲ್ಲ. ಮಾಡ್ಯುಲರ್ ಅಡುಗೆಮನೆ ಸದ್ಯಕ್ಕೆ ಮರೆತುಬಿಡಿ.

ಸಾಲ ಬೇಡ. ನಿಶ್ಚಿತಾರ್ಥದ ಹಿಂದೆಯೇ ಮದುವೆಯ ಖರ್ಚು ನಿಂತಿದೆ. ಚೀಟಿ ಬೇಗ ಎತ್ತಿದರೆ ಕಸರು ಹೋಗುತ್ತದೆ, ಬಳೆ ಅಡವಿಟ್ಟರೆ ಬಡ್ಡಿ ಬೆಳೆಯುತ್ತದೆ. ಎರಡೂವರೆ ಲಕ್ಷದಲ್ಲಿ ಐವತ್ತು ಸಾವಿರವನ್ನು ಮುಟ್ಟದೆ ಪಕ್ಕಕ್ಕಿಡಿ, ಹಳೆಯ ಮನೆ ಕೆರೆದಾಗ ಏನಾದರೊಂದು ಹೊರಬರುತ್ತದೆ. ಉಳಿದ ಎರಡು ಲಕ್ಷದಲ್ಲಿ ತಾರಸಿ, ಸಜ್ಜ, ಬಾತ್‌ರೂಮು, ಕರೆಂಟು, ಕೊನೆಗೆ ಪಾಲಿಷ್ ಮತ್ತು ಬಣ್ಣ, ಇದೇ ಕ್ರಮದಲ್ಲಿ. ದುಡ್ಡು ನಡುವೆ ಮುಗಿದರೆ ಕೊನೆಯದನ್ನು ಬಿಡಿ, ಮೊದಲಿನದನ್ನಲ್ಲ. ಮೋಲ್ಡಿನ ಕಂಬಿಯೇ ಹೋಗಿದೆ ಎಂದು ಇಂಜಿನಿಯರ್ ಹೇಳಿದರೆ ಮಾತ್ರ ಸಾಲದ ಯೋಚನೆ ಮಾಡಿ. ಆಗಲೂ ಪರ್ಸನಲ್ ಲೋನ್‌ಗೆ ಹೋಗುವ ಮೊದಲು ಬ್ಯಾಂಕಿನಲ್ಲಿ ಮನೆ ರಿಪೇರಿ ಸಾಲವನ್ನು ವಿಚಾರಿಸಿ, ಸಾಮಾನ್ಯವಾಗಿ ಬಡ್ಡಿ ಕಡಿಮೆ.

ತಾರಸಿ ಕೆಲಸಕ್ಕೆ ಮೂವರಿಂದ ಚದರಡಿ ದರ ಕೇಳಿ. ಯಾವ ಕಂಪನಿಯ ಲೇಪ, ಎಷ್ಟು ಕೋಟು, ಪ್ಯಾರಾಪೆಟ್ ಮೇಲೆ ಎಷ್ಟು ಎತ್ತರ, ಎಲ್ಲವೂ ಕಾಗದದಲ್ಲಿರಲಿ. ಲೇಪದ ಡಬ್ಬಗಳನ್ನು ನಿಮ್ಮ ಎದುರೇ ತೆರೆಯಬೇಕು, ಖಾಲಿ ಡಬ್ಬಗಳನ್ನು ಯಜಮಾನರು ಎಣಿಸಿಕೊಳ್ಳಲಿ. ಸಿಮೆಂಟ್ ಮೂಟೆ ಎಣಿಸಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮುಂಗಡ ಸ್ವಲ್ಪ, ಕೆಲಸ ನಡೆದಂತೆ ಕಂತು. ಒಟ್ಟು ಮೊತ್ತದ ಐದರಲ್ಲೊಂದು ಪಾಲನ್ನು ಬೇಸಿಗೆಯ ಮೊದಲ ದೊಡ್ಡ ಮಳೆ ಬಿದ್ದು, ಸೂರು ಒಣಗಿದ್ದನ್ನು ನೋಡಿದ ಮೇಲೆ ಕೊಡುವುದೆಂದು ಮೊದಲೇ ಬರೆಸಿಕೊಳ್ಳಿ. ಮೈಸೂರಿನಲ್ಲಿ ಅದಕ್ಕೆ ಜೂನ್ ತನಕ ಕಾಯಬೇಕಾಗಿಲ್ಲ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯೇ ಸಾಕು. ಈ ಷರತ್ತಿಗೆ ಒಪ್ಪದವರ ದರ ಎಷ್ಟೇ ಕಡಿಮೆಯಿದ್ದರೂ ಅವರಿಗೆ ಕೆಲಸ ಕೊಡಬೇಡಿ.