ಬಿಸಿನೀರ ಬುಗ್ಗೆಯೂ ಉತ್ತರದ ಬೆಳಕೂ

ಯೂರೋಪಿನ ವಾಯವ್ಯಕ್ಕೆ ಮಹಾಸಮುದ್ರದ ನಡುವೆ ಐಸ್‌ಲೆಂಡ್ ಎಂಬ ದ್ವೀಪವುಂಟು. ಡಿಸೆಂಬರ್ ತಿಂಗಳಲ್ಲಿ ಅದರ ರಾಜಧಾನಿಯಾದ ರೇಕ್ಯಾವಿಕ್ ಪಟ್ಟಣದವರಿಗೆ ಸೂರ್ಯನು ದಿನಕ್ಕೆ ನಾಲ್ಕೈದು ತಾಸು ಮಾತ್ರ ಕಾಣಿಸುವನು. ಅಂಥಾ ಚಳಿಯ ರಾತ್ರಿಯಲ್ಲಿ ಜನರು ಬಯಲಿನ ಕೊಳದೊಳಗೆ ಕುತ್ತಿಗೆಯ ವರೆಗೆ ಮುಳುಗಿ ಆಕಾಶವನ್ನು ನೋಡುತ್ತಾ ಕೂತಿರುವರೆಂದರೆ ನಮ್ಮ ವಾಚಕರಲ್ಲಿ ಕೆಲವರು ನಂಬಲಿಕ್ಕಿಲ್ಲ. ಆದರೆ ಅಲ್ಲಿ ಸ್ನಾನದ ನೀರಿಗೆ ಹಂಡೆಯೂ ಬೇಡ, ಸೌದೆಯೂ ಬೇಡ. ನೆಲವೇ ಅದನ್ನು ಕಾಯಿಸಿಕೊಡುತ್ತದೆ.

ಇದಕ್ಕೆ ಕಾರಣವೇನಂದರೆ, ಭೂಮಿಯ ಮೇಲ್ಪದರದ ಎರಡು ಮಹಾ ಹಲಗೆಗಳು ವರುಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಒಂದನ್ನೊಂದು ಬಿಟ್ಟು ಸರಿಯುವ ಸ್ಥಳದಲ್ಲಿ ಈ ದ್ವೀಪವಿದೆ. ಒಳಗಿನ ಕಾವು ಅಲ್ಲಿ ಮೇಲಕ್ಕೆ ಸಮೀಪವಾಗಿದೆ. ಮಳೆಯ ನೀರೂ ಕರಗಿದ ಹಿಮವೂ ಬಂಡೆಯ ಬಿರುಕುಗಳಲ್ಲಿ ಇಳಿದು, ಕಾದು, ತಿರಿಗಿ ಬುಗ್ಗೆಯಾಗಿ ಏಳುತ್ತವೆ. ರೇಕ್‌ಹೋಲ್ಟ್ ಎಂಬ ಊರಲ್ಲಿ, 1241ರಲ್ಲಿ ಕೊಲ್ಲಲ್ಪಟ್ಟ ಗ್ರಂಥಕರ್ತನಾದ ಸ್ನೋರಿ ಸ್ಟುರ್ಲುಸನ್ ಎಂಬವನ ಹೆಸರಿನ ದುಂಡಗಿನ ಕಲ್ಲುಕೊಳವನ್ನು ಈಗಲೂ ತೋರಿಸುತ್ತಾರೆ.

ಆದರೆ ಪ್ರತಿಯೊಂದು ಬುಗ್ಗೆಯೂ ಸ್ನಾನಕ್ಕೆ ತಕ್ಕದ್ದೆಂದು ನೆನಸಬಾರದು. ಹಲವು ಕುದಿಯುತ್ತಲೇ ಇರುತ್ತವೆ. ರೇಕ್ಯಾವಿಕಿನ ಸ್ತ್ರೀಯರು ಹಿಂದೆ ಬಟ್ಟೆಯ ಹೊರೆಗಳನ್ನು ಹೊತ್ತು ಸುಮಾರು 3 ಕಿಲೋಮೀಟರ್ ನಡೆದು ಬುಗ್ಗೆಗಳಲ್ಲಿ ಒಗೆಯುತ್ತಿದ್ದರು. ಅವರಲ್ಲಿ ಕೆಲವರು ಜಾರಿ ಬಿದ್ದು ಬೆಂದು ಸತ್ತ ಮೇಲೆಯೇ ಅಲ್ಲಿ ಕಬ್ಬಿಣದ ಕಂಬಿಗಳನ್ನು ಹಾಕಿದರು. 1930ರಲ್ಲಿ ಅದೇ ಸ್ಥಳದಿಂದ ಬಿಸಿನೀರನ್ನು ಕೊಳವೆಯ ಮೂಲಕ ಪಟ್ಟಣಕ್ಕೆ ತಂದು ಒಂದು ಶಾಲೆಯನ್ನೂ ಸುಮಾರು 60 ಮನೆಗಳನ್ನೂ ಬೆಚ್ಚಗೆ ಮಾಡಿದರು. ಬೆಳಕಿನ ಸೊಬಗನ್ನು ನೋಡಲು ಹೋಗುವ ಪರದೇಶಿಗಳು ಈ ಒಗೆಯುವವರನ್ನೂ ಸ್ವಲ್ಪ ನೆನಸುವದು ಒಳ್ಳೇದು.

ಇನ್ನು ಮೇಲಿನ ಬೆಳಕಿನ ವಿಷಯ. ಸುಮಾರು 1250ರಲ್ಲಿ ನಾರ್ವೆ ದೇಶದಲ್ಲಿ ಬರೆಯಲ್ಪಟ್ಟ 'ಅರಸನ ಕನ್ನಡಿ' ಎಂಬ ಗ್ರಂಥದಲ್ಲಿ ಒಬ್ಬ ತಂದೆಯು ಮಗನಿಗೆ ಇದರ ಕುರಿತು ಮೂರು ಊಹೆಗಳನ್ನು ತಿಳಿಸುತ್ತಾನೆ: ಸಮುದ್ರಗಳ ಸುತ್ತಲಿರುವ ಬೆಂಕಿಯ ಪ್ರಭೆಯೋ, ಅಡಗಿದ ಸೂರ್ಯನ ಕಿರಣವೋ, ಹಿಮದ ಗಡ್ಡೆಗಳೇ ಹೊಳೆಯುತ್ತವೋ ಎಂದು. ಮೂರೂ ತಪ್ಪಾದರೂ ಎರಡನೆಯದರಲ್ಲಿ ಸೂರ್ಯನ ಹೆಸರು ಬಂದದ್ದು ಗಮನಿಸತಕ್ಕದ್ದು. ಸೂರ್ಯನಿಂದ ಬೆಳಕಲ್ಲದೆ ವಿದ್ಯುತ್ತುಳ್ಳ ಅತಿಸೂಕ್ಷ್ಮ ಕಣಗಳ ಗಾಳಿಯೂ ಯಾವಾಗಲೂ ಹೊರಡುತ್ತದೆ. ಬೆಳಕಿಗೆ 8 ನಿಮಿಷ ಸಾಕಾದರೆ ಈ ಗಾಳಿಗೆ ಕೆಲವು ದಿನಗಳು ಬೇಕು. ಅದು ಭೂಮಿಯ ಅಯಸ್ಕಾಂತಶಕ್ತಿಯನ್ನು ಒತ್ತಿ ಕದಲಿಸುವದರಿಂದ, ಆ ಶಕ್ತಿಯೊಳಗೆ ಸಿಕ್ಕಿದ ಕಣಗಳು ವೇಗಗೊಂಡು ಧ್ರುವಗಳ ಸುತ್ತಣ ಬಳೆಯಂಥಾ ಪ್ರದೇಶದಲ್ಲಿ ಇಳಿದು ವಾಯುವಿಗೆ ಬಡಿಯುತ್ತವೆ. ಸುಮಾರು 100 ಕಿಲೋಮೀಟರಿಗಿಂತ ಮೇಲೆ ಆಮ್ಲಜನಕವು ಹಸುರಾಗಿಯೂ, ಇನ್ನೂ ಎತ್ತರದಲ್ಲಿ ಕೆಂಪಾಗಿಯೂ ಹೊಳೆಯುತ್ತದೆ. ಸಾರಜನಕವು ನೀಲಿ, ನೇರಳೆ ಬಣ್ಣಗಳನ್ನು ಕೊಡುತ್ತದೆ. ಐಸ್‌ಲೆಂಡ್ ಆ ಬಳೆಯ ಕೆಳಗೇ ಇದೆ.

ನೋಡಬೇಕಾದರೆ ತಾಳ್ಮೆ ಬೇಕು. ಮೋಡವಿದ್ದರೆ ಏನೂ ಕಾಣದು. ದೀಪವನ್ನು ಆರಿಸಿ ಇಪ್ಪತ್ತು ನಿಮಿಷವಾದರೂ ಕಣ್ಣುಗಳನ್ನು ಕತ್ತಲೆಗೆ ಪಳಗಿಸಬೇಕು. ಮಂದವಾದ ಬೆಳಕು ಬರಿಗಣ್ಣಿಗೆ ಬೂದುಬಣ್ಣದ ಮೋಡದಂತೆಯೇ ತೋರುವದು. ಚಿತ್ರಪಟದಲ್ಲಿರುವ ಹಸುರನ್ನು ಹುಡುಕಿ ಬೇಸರಪಡುವವರು ಬಹಳ. ಕೊಳದ ಹಬೆಯೂ ಆಗಾಗ್ಗೆ ಆಕಾಶವನ್ನು ಮುಚ್ಚುವದು, ನೆನೆದ ತಲೆಗೂದಲು ಹೆಪ್ಪುಗಟ್ಟುವದು. ಹೀಗಿದ್ದರೂ ಹಿಮದ ಮೇಲೆ ನಿಂತು ಕಾಯಲಾರದವನು ನೀರಿನಲ್ಲಿ ಬಹಳ ಹೊತ್ತು ಕಾಯಬಲ್ಲನು.

ಸೂರ್ಯನಲ್ಲಿ ದೊಡ್ಡ ಕ್ಷೋಭೆ ಎದ್ದಾಗ ಈ ಬಳೆಯು ಹಿಗ್ಗಿ ದಕ್ಷಿಣಕ್ಕೆ ಇಳಿಯುವದು. 2024ನೇ ಮೇ 10ರ ರಾತ್ರಿ ಹಾಗಾದಾಗ ಲಡಾಖಿನ ಹಾನ್ಲೆಯಲ್ಲಿಯೂ ಆಕಾಶದ ಅಂಚು ಕೆಂಪೇರಿದ್ದನ್ನು ಕ್ಯಾಮರಗಳು ಹಿಡಿದವು. ಅಲ್ಲಿಯ ವೀಕ್ಷಣಾಲಯವನ್ನು ನಡಿಸುವದು ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೇ. ಐಸ್‌ಲೆಂಡಿನಲ್ಲಾದರೋ ಮೇ ತಿಂಗಳ ರಾತ್ರಿಯು ಪೂರ್ತಿ ಕತ್ತಲಾಗುವದೇ ಇಲ್ಲ.